ನಮ್ಮನೆಗೆ ಆಗಿ ಬರಲ್ಲ

ಮಾಸ್ತಮ್ಮನ ಮನೆಗೆ ಆಗಿ ಬರದ ಸಾಮಾನುಗಳು ಬಹಳ ಇದ್ದವು. ಬೆಂಡು ಬತ್ತಾಸು ಆಗಿ ಬರುತ್ತಿರಲಿಲ್ಲ. ರಿಬ್ಬನ್ನು ಆಗಿ ಬರುತ್ತಿರಲಿಲ್ಲ. ಹೋಟೆಲಿನ ದೋಸೆ, ರಬ್ಬರಿನ ಚೆಂಡು, ಕಾಲಿಗೆ ಚಪ್ಪಲಿ, ದೀಪಾವಳಿಯ ಪಟಾಕಿ, ಒಂದೂ ಆಗಿ ಬರುತ್ತಿರಲಿಲ್ಲ. ಹೊಸಬರು ಯಾರಾದರೂ ಕೇಳಿದರೆ ಈ ಮನೆಯ ಚೌಡಮ್ಮ ಬಲು ಬಿಗಿಯ ದೇವತೆ ಎಂದುಕೊಳ್ಳಬೇಕು. ಪಾಪ, ಚೌಡಮ್ಮನಿಗೆ ಇದರಲ್ಲಿ ಯಾವುದೂ ಗೊತ್ತಿರಲಿಲ್ಲ. ಎಲ್ಲವನ್ನೂ ಮಾಸ್ತಮ್ಮನೇ ಅವಳ ತಲೆಗೆ ಕಟ್ಟಿದ್ದಳು.

ಸಾಗರದಿಂದ ಕೆಳದಿಗೆ ಹೋಗುವ ರಸ್ತೆಯಲ್ಲಿ ಎರಡು ಮೈಲಿ ನಡೆದರೆ ಸಿಗುವ ಆ ಕೇರಿಯಲ್ಲಿ ಪ್ರತಿ ಮನೆಗೂ ಆಗಿ ಬರದ್ದು ಒಂದೊಂದು ಇದ್ದೇ ಇತ್ತು. ಒಬ್ಬರ ಮನೆಯಲ್ಲಿ ಕುಂಬಳದ ಬಳ್ಳಿ ಹಬ್ಬಿಸುವಂತಿಲ್ಲ, ಇನ್ನೊಬ್ಬರ ಮನೆಯಲ್ಲಿ ಕರಿ ಹೋರಿ ಕಟ್ಟುವಂತಿಲ್ಲ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಹಿಂದೆ ಯಾರಿಗೋ ಏನೋ ಆಗಿದೆ, ಅಷ್ಟೇ. ಮಾಸ್ತಮ್ಮನ ಉಪಾಯ ಅಲ್ಲಿಂದಲೇ ಹುಟ್ಟಿದ್ದು. ಮಗಳು ಜಲಜೆಗೆ ಐದು ವರ್ಷವಾಗಿದ್ದಾಗ ಸಾಗರದ ಪೇಟೆಯಲ್ಲಿ ಬತ್ತಾಸು ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿದಳು. ಮಾಸ್ತಮ್ಮನ ಸೆರಗಿನ ಗಂಟಿನಲ್ಲಿ ಇದ್ದದ್ದು ಉಪ್ಪಿಗೂ ಸೀಮೆಎಣ್ಣೆಗೂ ಸರಿಯಾಗುವಷ್ಟು ಕಾಸು. ಹೊಡೆದರೂ ಹುಡುಗಿ ಏಳಲಿಲ್ಲ. ಕೊನೆಗೆ ಕಿವಿಯ ಹತ್ತಿರ ಬಾಗಿ, "ನಮ್ಮನೆಗೆ ಬತ್ತಾಸು ಆಗಿ ಬರಲ್ಲ ಮಗಾ, ಚೌಡಮ್ಮಂಗೆ ಸಿಟ್ಟು ಬರ್ತದೆ" ಅಂದಳು. ಅಳು ಗಕ್ಕನೆ ನಿಂತಿತು. ಹುಡುಗಿ ಎದ್ದು ಲಂಗ ಕೊಡವಿಕೊಂಡು ಗಂಭೀರವಾಗಿ ಜೊತೆಗೆ ನಡೆದಳು.

ಇಷ್ಟು ಸುಲಭವೆಂದು ಗೊತ್ತಾದ ಮೇಲೆ ಮಾಸ್ತಮ್ಮ ಬಿಡುತ್ತಾಳೆಯೇ? ಗಂಡ ಬೆಳ್ಳಪ್ಪ ಮೊದಮೊದಲು ನಗುತ್ತಿದ್ದ.

"ಇನ್ನೂ ಎಷ್ಟು ಸಾಮಾನು ಹೊರಿಸ್ತೀಯೇ ಆ ಚೌಡಮ್ಮನ ಮೇಲೆ? ಬೆನ್ನು ಮುರಿದೀತು!"

"ದುಡ್ಡಿಲ್ಲ ಅಂತ ಮಗೀಗೆ ಹೇಳ್ಲಾ? ನಮ್ಮಪ್ಪ ಬಡವ ಅಂತ ಅದು ಊರೆಲ್ಲ ಹೇಳ್ಕೊಂಡು ಬರ್ಲಾ?"

ಬೆಳ್ಳಪ್ಪನ ನಗು ಅಲ್ಲಿಗೆ ನಿಂತಿತು. ಅವನು ಗೇಣಿ ಗದ್ದೆ ಮಾಡುವವನು. ಬೆಳೆದ ಭತ್ತದಲ್ಲಿ ಒಡೆಯರ ಪಾಲು ಅಳೆದು ಕೊಟ್ಟ ಮೇಲೆ ಉಳಿಯುವುದರಲ್ಲಿ ಬತ್ತಾಸಿಗೆ ಜಾಗವಿರಲಿಲ್ಲ. ಇದು ಸುಳ್ಳೇನೋ ಹೌದು, ಆದರೆ ಮಗುವಿನ ಮಾನ ಉಳಿಸುವ ಸುಳ್ಳು ಎಂದು ಇಬ್ಬರೂ ಸಮಾಧಾನ ಮಾಡಿಕೊಂಡರು. ಯಾರಿಗೆ ನಷ್ಟ?

ಸೂಜಿಯ ಸುಳ್ಳು ಹೇಳಿದ್ದು ಜಲಜೆಗೆ ಎಂಟು ತುಂಬಿದ ವರ್ಷ. ಹತ್ತು ದಿನ ಜ್ವರ ಬಿಡಲಿಲ್ಲ. ಸಾಗರದ ಡಾಕ್ಟರರೊಬ್ಬರು ಆರು ಇಂಜೆಕ್ಷನ್ ಆಗಬೇಕು ಎಂದರು. ಎರಡು ಆಯಿತು, ಮೂರನೆಯದಕ್ಕೆ ದುಡ್ಡಿರಲಿಲ್ಲ. "ಇವತ್ತು ಸೂಜಿಗೆ ಹೋಗಲ್ವಾ ಅವ್ವ?" ಎಂದು ಚಾಪೆಯ ಮೇಲಿಂದ ಹುಡುಗಿ ಕೇಳಿತು. ನಿನ್ನ ಜೀವಕ್ಕೆ ಕೊಡುವಷ್ಟು ಕಾಸು ನಮ್ಮಲ್ಲಿಲ್ಲ ಎಂದು ಯಾವ ತಾಯಿ ಹೇಳುತ್ತಾಳೆ? ಮಾಸ್ತಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, "ನಮ್ಮನೆಗೆ ಸೂಜಿ ಆಗಿ ಬರಲ್ಲ ಮಗಾ. ನಮ್ಮಜ್ಜಿಯ ತಂಗಿ ಚುಚ್ಚಿಸ್ಕೊಂಡು ಮೂರೇ ದಿನಕ್ಕೆ ಹೋದ್ಲು. ನಂಗೆ ಮರ್ತೇ ಹೋಗಿತ್ತು. ಇನ್ನು ಚೌಡಮ್ಮನೇ ನೋಡ್ಕೊಳ್ತಾಳೆ" ಅಂದಳು. ಅಮೃತಬಳ್ಳಿಯ ಕಷಾಯ ಕುಡಿಸಿದಳು, ಒಬ್ಬಳೇ ಕೂತು ಅತ್ತಳು. ಐದನೇ ದಿನ ಜ್ವರ ಇಳಿಯಿತು. ಜಲಜೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಹುಡುಗಿ ಬೆಳೆದಳು. ಹೊಸನಗರದ ಹತ್ತಿರದ ಹಳ್ಳಿಗೆ, ದುಗ್ಗಪ್ಪನೆಂಬ ಒಳ್ಳೆಯ ಹುಡುಗನಿಗೆ ಕೊಟ್ಟರು. ಮೊದಲನೆಯದು ಗಂಡು. ಆರು ತಿಂಗಳ ಕೂಸಿಗೆ ಭೇದಿ ಹತ್ತಿ ಕಣ್ಣು ಗುಳಿ ಬಿದ್ದಾಗ ಜಲಜ ಬೇಡ ಬೇಡವೆಂದರೂ ಗಂಡ ಎತ್ತಿಕೊಂಡು ಹೋಗಿ ಸೂಜಿ ಹಾಕಿಸಿಕೊಂಡು ಬಂದ. ಕೂಸು ಅದಾಗಲೇ ಕೈ ಮೀರಿತ್ತು, ಮೂರನೇ ದಿನ ಹೋಯಿತು. ಮೂರೇ ದಿನ! ಜಲಜ ಕಂಬಕ್ಕೆ ತಲೆ ಚಚ್ಚಿಕೊಂಡು, "ಅವ್ವ ಹೇಳಿದ್ಲು, ನಾನು ಕೇಳ್ಲಿಲ್ಲ" ಎಂದು ಅತ್ತಳು. ಮಾಸ್ತಮ್ಮ ಅಲ್ಲೇ ಪಕ್ಕದಲ್ಲಿ ಕೂತಿದ್ದಳು. ಹೇಳಬೇಕೆಂದು ಬಾಯಿ ತೆರೆದಳು, ಅಷ್ಟು ಜನರ ಮುಂದೆ ನಾಲಿಗೆ ಹೊರಳಲಿಲ್ಲ. ಅತ್ತು ಹಗುರಾಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ. ದುಗ್ಗಪ್ಪ ಕಲ್ಲು ಹೊರುವುದಕ್ಕೆ ಅಲ್ಲಿಗೆ ಸೇರಿದ್ದ. ಜಲಜ ಮೂರನೇ ಹೆರಿಗೆಗೆಂದು, ನಾಲ್ಕು ವರ್ಷದ ಮಗಳು ಪುಷ್ಪಿಯ ಕೈ ಹಿಡಿದುಕೊಂಡು ತವರಿಗೆ ಬಂದಳು. ಮಾಗಿಯ ಚಳಿ ಕಳೆದು ಅಂಗಳದಲ್ಲಿ ಭತ್ತ ಬೇಯಿಸುವ ದಿನಗಳು.

ಪುಷ್ಪಿ ಬಂದ ದಿನವೇ ಮನೆಯೆಲ್ಲ ನಗಿಸಿತು. ಊಟಕ್ಕೆ ಹಾಗಲಕಾಯಿ ಪಲ್ಯ ಬಡಿಸಿದರೆ ತಟ್ಟೆ ದೂಡಿ, "ನಮ್ಮನೆಗೆ ಹಾಗಲಕಾಯಿ ಆಗಿ ಬರಲ್ಲ" ಅಂದಿತು.

"ಹೌದಾ ತಾಯಿ! ಮತ್ತೆ ಎಂತ ಆಗಿ ಬರ್ತದೆ?" ಬೆಳ್ಳಪ್ಪ ಕೇಳಿದ.

"ಬೆಲ್ಲ ಆಗಿ ಬರ್ತದೆ. ಒಣಮೀನು ಆಗಿ ಬರ್ತದೆ. ತಲೆ ಬಾಚೋದು ಆಗಿ ಬರಲ್ಲ."

"ಎಲ್ಲದಕ್ಕೂ ಅದೇ ಮಾತು ಅಪ್ಪ ಇದರದ್ದು" ಎಂದು ಜಲಜ ನಕ್ಕಳು. ಬೆಳ್ಳಪ್ಪ ಹೆಂಡತಿಯ ಮುಖ ನೋಡಿದ. ಮಾಸ್ತಮ್ಮ ಒಲೆಯ ಕಡೆ ತಿರುಗಿ ಸೌದೆ ಮುಂದೆ ತಳ್ಳಿದಳು.

ಎಂಟು ದಿನ ಕಳೆದಿತ್ತು. ಬೆಳಗಿನ ಗಂಜಿ ಕುಡಿದು ಪುಷ್ಪಿ ಬೇಲಿಯ ಹತ್ತಿರ ಆಡುತ್ತಿತ್ತು. ಎಲ್ಲಿಂದಲೋ ಬಂದ ಬೂದು ಬಣ್ಣದ ನಾಯಿ ಬೊಗಳದೆ ಗುರುಗುಟ್ಟದೆ ನೇರ ಬಂದು ಮಗುವಿನ ಕೆನ್ನೆಗೆ ಬಾಯಿ ಹಾಕಿತು. ಅಲ್ಲಿಂದ ಪಕ್ಕದ ಸೀತಾರಾಮಪ್ಪನ ಕೊಟ್ಟಿಗೆಗೆ ನುಗ್ಗಿ ಕರುವಿನ ಮೂತಿ ಕಚ್ಚಿ, ಗದ್ದೆ ಬಯಲು ಹಾರಿ ಹೋಯಿತು. ದೊಣ್ಣೆ ಹಿಡಿದು ಓಡಿದವರಿಗೆ ಸಿಗಲಿಲ್ಲ. ಮಾಸ್ತಮ್ಮ ಗಾಯ ತೊಳೆದು ಅರಿಶಿನ ಮೆತ್ತಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಸಾಗರದ ಆಸ್ಪತ್ರೆಗೆ ಹೊರಟೇಬಿಟ್ಟಳು.

ಜಲಜ ತುಂಬಿದ ಹೊಟ್ಟೆ ಹೊತ್ತು ಬೇಲಿಯ ದಣಪೆ ದಾಟದಂತೆ ಅಡ್ಡ ನಿಂತಳು. "ಮುಲಾಮು ಹಚ್ಚಿಸ್ಕೊಂಡು ಬಾ ಅವ್ವ. ಸೂಜಿ ಮಾತ್ರ ಬೇಡ. ನನ್ನ ಮೇಲೆ ಆಣೆ."

ಆಸ್ಪತ್ರೆಯ ಕಾಂಪೌಂಡರ್ ಮುಕುಂದಯ್ಯ ಹಳೆಯ ಪರಿಚಯದ ಮನುಷ್ಯ. ಗಾಯ ನೋಡಿ ಕನ್ನಡಕ ತೆಗೆದ.

"ನಾಯಿ ಸಿಕ್ತಾ?"

"ಇಲ್ಲ ಅಯ್ಯಾ."

"ಹಂಗಾರೆ ಹುಚ್ಚುನಾಯಿ ಅಂತಲೇ ಲೆಕ್ಕ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು, ದಿನಕ್ಕೊಂದು. ಒಂದೂ ತಪ್ಪಿಸೋ ಹಂಗಿಲ್ಲ. ಮುಖಕ್ಕೆ ಕಚ್ಚಿದ್ದು ಬೇಗ ಏರ್ತದೆ."

"ಎಷ್ಟು ಕೊಡಬೇಕು ಅಯ್ಯಾ?"

"ಇದಕ್ಕೆ ಎಂತ ಕೊಡೋದು? ಸರ್ಕಾರದ್ದು. ಬಿಟ್ಟಿ."

ಬಿಟ್ಟಿ! ಮಾಸ್ತಮ್ಮನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ಹಾಕಿಸದೇ ಇದ್ರೆ?" ಎಂದು ಕೇಳಿದಳು.

ಮುಕುಂದಯ್ಯ ಮಗುವಿಗೆ ಕೇಳಿಸದಂತೆ ದನಿ ತಗ್ಗಿಸಿದ. "ಒಂದು ತಿಂಗಳು ಏನೂ ಇಲ್ಲ, ಆಡ್ಕೊಂಡು ಇರ್ತದೆ. ಆಮೇಲೆ ನೀರು ಕಂಡ್ರೆ ಹೆದರ್ತದೆ. ನೀರಿಗೆ ಹೆದರೋಕೆ ಶುರುವಾಯ್ತೋ, ಮುಗೀತು. ದೇವರು ಬಂದ್ರೂ ಉಳಿಸೋಕಾಗಲ್ಲ."

ಮೊದಲ ಸೂಜಿ ಅವತ್ತೇ ಆಯಿತು. ಮಾಸ್ತಮ್ಮ ಎರಡಾಣೆಯ ಬತ್ತಾಸು ಕೊಂಡು ಮಗುವಿನ ಕೈಗಿಟ್ಟು, "ಚುಚ್ಚಿದ್ದು ಅಮ್ಮಂಗೆ ಹೇಳಬಾರ್ದು, ಹೇಳಿದ್ರೆ ಬತ್ತಾಸು ಇಲ್ಲ" ಅಂದಳು. ದಾರಿಯುದ್ದಕ್ಕೂ ಯೋಚಿಸಿದಳು. ನಿಜ ಹೇಳಿಬಿಡಲೇ? ಹೇಳಿದರೆ ಸತ್ತ ಕೂಸಿನ ಮಾತು ಬರುತ್ತದೆ. ಏಳು ತಿಂಗಳ ಬಸುರಿ, ಎದೆ ಒಡೆದುಕೊಂಡರೆ? ಹದಿನಾಲ್ಕು ದಿನ ತಾನೇ, ಇನ್ನೊಂದು ಸಣ್ಣ ಸುಳ್ಳಿನಲ್ಲಿ ಮುಗಿಯುತ್ತದೆ. ಕೈಗೆ ಪಳಗಿದ ಕತ್ತಿಯನ್ನೇ ಮಾಸ್ತಮ್ಮ ಎತ್ತಿಕೊಂಡಳು. ಅಲ್ಲೇ ಕೆಟ್ಟಳು.

"ಮುಲಾಮು ಹಚ್ಚಿದ್ರು. ಕೆಳದಿ ದೇವರಿಗೆ ಹೇಳ್ಕೊಂಡಿದೀನಿ, ಹದಿನಾಲ್ಕು ದಿನ ಮಗೂನ ಕರ್ಕೊಂಡು ಹೋಗಿ ಸುತ್ತು ಬರ್ತೀನಿ ಅಂತ" ಎಂದಳು.

ಜಲಜ ಕೈ ಮುಗಿದಳು. "ಒಳ್ಳೇದು ಮಾಡಿದೆ ಅವ್ವ."

ಬೆಳ್ಳಪ್ಪ ಮಾತ್ರ ಕೊಟ್ಟಿಗೆಯ ಹಿಂದೆ ಹೆಂಡತಿಯನ್ನು ಹಿಡಿದ. "ಕೆಳದಿ ಆ ಕಡೆ. ನೀನು ನಾಳೆ ಈ ಕಡೆ ಹೋಗೋದನ್ನ ಊರು ನೋಡಲ್ವಾ?"

"ಗದ್ದೆ ಅಂಚಲ್ಲಿ ಬಳಸಿ ಹೋಗ್ತೀನಿ."

"ನಿಜ ಹೇಳೇ. ಇದೊಂದ್ಸಲ ನಿಜ ಹೇಳು."

"ನೀವು ಹೇಳ್ತೀರಾ?" ಅಂದಳು. ಬೆಳ್ಳಪ್ಪನೂ ಹೇಳಲಿಲ್ಲ.

ಐದು ದಿನ ನಡೆಯಿತು. ಬೆಳಿಗ್ಗೆ ರೊಟ್ಟಿ ಬೇಯಿಸಿಟ್ಟು, ಕೊಟ್ಟಿಗೆ ಬಳಿದು ಹೊರಟರೆ ಮಧ್ಯಾಹ್ನದ ಗಂಜಿಗೆ ವಾಪಸ್ಸು. ಪುಷ್ಪಿ ಬತ್ತಾಸಿನ ಆಸೆಗೆ ತುಟಿ ಬಿಚ್ಚಲಿಲ್ಲ. ಆರನೇ ದಿನ ಮಾಸ್ತಮ್ಮ ಹೊರಡುವ ಮೊದಲು ಜಲಜ ಮಗಳಿಗೆ ಸ್ನಾನ ಮಾಡಿಸಲು ಕೂತಳು. ಬಚ್ಚಲಿನಿಂದ ಕಿರುಚಿದ್ದು ಕೇಳಿಸಿತು. ಹೊಕ್ಕುಳ ಸುತ್ತ ಐದು ಕೆಂಪು ಗಂಟು ಎದ್ದಿದ್ದವು.

"ಎಂತದೇ ಇದು? ಯಾರೇ ಚುಚ್ಚಿದ್ದು?"

ಪುಷ್ಪಿ ಅಜ್ಜಿಯ ಮುಖ ನೋಡಿತು. "ಹೇಳಿದ್ರೆ ಬತ್ತಾಸು ಇಲ್ಲ" ಅಂದಿತು.

ಜಲಜ ಒದ್ದೆ ಮಗುವನ್ನು ಎದೆಗವಚಿಕೊಂಡು ನಡುಮನೆಗೆ ಬಂದಳು. ಮಾಸ್ತಮ್ಮ ಮಗಳ ಕಾಲ ಹತ್ತಿರ ನೆಲದಲ್ಲೇ ಕೂತುಬಿಟ್ಟಳು.

"ಜಲಜ, ಸೂಜಿ ಆಗಿ ಬರಲ್ಲ ಅಂದಿದ್ದು ಸುಳ್ಳು ಕಣೇ. ನಾನೇ ಕಟ್ಟಿದ್ದು. ಆವಾಗ ದುಡ್ಡಿರ್ಲಿಲ್ಲ."

"ಕೆಳದಿಗೆ ಹೋಗ್ತೀನಿ ಅಂದ್ಯಲ್ಲ, ಅದು?"

"ಅದೂ ಸುಳ್ಳು."

"ಹಂಗಾರೆ ಈಗ ಹೇಳ್ತಿರೋದು?"

"ಇದು ನಿಜ. ಚೌಡಮ್ಮನ ಆಣೆಗೂ ನಿಜ."

"ಯಾವ ಚೌಡಮ್ಮ? ನೀನು ಕಟ್ಟಿದ ಚೌಡಮ್ಮನಾ?" ಜಲಜ ಮಗುವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು. "ಅಜ್ಜಿಯ ತಂಗಿ ಸತ್ತಿದ್ದು?"

"ನಮ್ಮಜ್ಜಿಗೆ ತಂಗೀನೇ ಇರ್ಲಿಲ್ಲ ಮಗಾ."

"ಅಪ್ಪ, ನೀನು ಹೇಳು."

ಬೆಳ್ಳಪ್ಪ ಬಾಗಿಲಲ್ಲಿ ನಿಂತಿದ್ದ. "ನಿಮ್ಮವ್ವ ಹೇಳ್ತಿರೋದು ಖರೆ. ಸೂಜಿಗೆ ಮೂರು ರೂಪಾಯಿ ಕೇಳಿದ್ರು. ನನ್ನ ಹತ್ರ ಇರ್ಲಿಲ್ಲ."

ಜಲಜ ಇಬ್ಬರನ್ನೂ ನೋಡಿದಳು. ಆಮೇಲೆ ಆಡಿದ ಮಾತು ಮಾಸ್ತಮ್ಮನಿಗೆ ಸಾಯುವವರೆಗೂ ಮರೆಯುವಂಥದ್ದಲ್ಲ.

"ನೀವಿಬ್ರೂ ಮಾತಾಡ್ಕೊಂಡು ಹೇಳ್ತಿದ್ದೀರಿ, ಸೂಜಿ ಹಾಕಿಸೋಕೆ. ನನ್ನ ಗಂಡುಮಗ ಹೋದಾಗ ಅವ್ವ ನನ್ನ ಪಕ್ಕದಲ್ಲೇ ಕೂತಿದ್ಲು. ನಾನೇ ಕೊಂದೆ, ಅವ್ವನ ಮಾತು ಕೇಳ್ಲಿಲ್ಲ ಅಂತ ಮೂರು ದಿನ ತಲೆ ಚಚ್ಚಿಕೊಂಡೆ. ಸುಳ್ಳಾಗಿದ್ರೆ ಆವಾಗಲೇ ಹೇಳ್ತಿದ್ಲು. ನನ್ನವ್ವ ಅಂಥವಳಲ್ಲ. ಯಾವ ತಾಯಿ ಅದನ್ನ ನೋಡ್ಕೊಂಡು ಸುಮ್ನಿರ್ತಾಳೆ?"

ತಾಯಿಯ ಮೇಲೆ ಮಗಳಿಗಿದ್ದ ನಂಬಿಕೆಯೇ ಬಾಗಿಲಿಗೆ ಅಗುಳಿ ಹಾಕಿತ್ತು. ನಾನು ಅಂಥವಳೇ, ನೋಡಿಕೊಂಡು ಸುಮ್ಮನಿದ್ದೆ ಎಂದು ಮಾಸ್ತಮ್ಮ ಎದೆ ಬಡಿದುಕೊಂಡಳು. ಜಲಜ ಕೇಳಿಸಿಕೊಳ್ಳಲಿಲ್ಲ. ಅವತ್ತು ಆ ಮನೆಯಲ್ಲಿ ಅನ್ನ ಬೆಂದಿತು, ಯಾರೂ ಬಡಿಸಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಜಲಜ ಮಗಳನ್ನು ಕಣ್ಣಳತೆಯಿಂದ ಬಿಡಲಿಲ್ಲ. ಬಚ್ಚಲಿಗೆ ಹೋದರೂ ಜೊತೆ, ಮಲಗಿದರೂ ಸೆರಗಿಗೆ ಗಂಟು. ಬೆಳ್ಳಪ್ಪ ಒಮ್ಮೆ ಮಗುವನ್ನು ಎತ್ತಿಕೊಳ್ಳಲು ಹೋದಾಗ, "ಮುಟ್ಟಿದ್ರೆ ಬಾವಿಗೆ ಹಾರ್ತೀನಿ ಅಪ್ಪ" ಅಂದಳು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಅವನು ಕೈ ಹಿಂದೆಗೆದುಕೊಂಡ.

ಮೂರನೇ ದಿನ ಲಿಂಗನಮಕ್ಕಿಯಿಂದ ದುಗ್ಗಪ್ಪ ಬಂದ. ಅವನು ಬುದ್ಧಿವಂತ, ಅವನಿಗಾದರೂ ತಿಳಿಯುತ್ತದೆಂದು ಮಾಸ್ತಮ್ಮ ಕಾಫಿ ಕೊಟ್ಟು ಕೂರಿಸಿ ಸೂಜಿಯ ಸುಳ್ಳನ್ನೆಲ್ಲ ಬಿಡಿಸಿ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

"ಅತ್ತೆ, ಆ ಹುಡುಗನ್ನ ಸೂಜಿಗೆ ಹೊತ್ಕೊಂಡು ಹೋಗಿದ್ದು ನಾನು. ಮೂರನೇ ದಿನ ಮಣ್ಣಿಗೆ ಹೊತ್ಕೊಂಡು ಹೋಗಿದ್ದೂ ನಾನು. ನೀವು ಹೇಳೋದು ಖರೆಯೋ ಸುಳ್ಳೋ, ನಂಗೆ ಬೇಡ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ."

"ಮಗು ಸಾಯ್ತದೆ ದುಗ್ಗಪ್ಪ."

"ತೀರ್ಥಹಳ್ಳಿ ಕಡೆ ಒಬ್ರು ನಾಯಿ ಕಚ್ಚಿದ್ದಕ್ಕೆ ಸೊಪ್ಪಿನ ರಸ ಕೊಡ್ತಾರಂತೆ. ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ಏಳು ರೂಪಾಯಿ ತಗೊಳ್ತಾರಂತೆ, ಹೋಗ್ಲಿ. ಮಗಳಿಗಿಂತ ದುಡ್ಡು ಹೆಚ್ಚಾ?"

ಅದೇ ಸಂಜೆಯ ಬಸ್ಸಿಗೆ ಮೂವರೂ ಹೊರಟರು. ಹೆರಿಗೆಗೆ ಬಂದ ಮಗಳು ಹೆರದೆ ತವರಿನಿಂದ ಹೋದಳು. ಪುಷ್ಪಿ ಕಿಟಕಿಯಿಂದ ಕೈ ಬೀಸಿ, "ಅಜ್ಜೀ, ಬರುವಾಗ ಬತ್ತಾಸು ತಗೊಂಡು ಬಾ" ಎಂದು ಕೂಗಿತು. ಜಲಜ ತಿರುಗಿ ನೋಡಲಿಲ್ಲ.

ಎರಡು ವಾರ ಸುದ್ದಿಯಿಲ್ಲ. ಆಮೇಲೆ ದುಗ್ಗಪ್ಪನ ಕಾರ್ಡು ಬಂತು. ತೀರ್ಥಹಳ್ಳಿಯ ಔಷಧ ಕುಡಿಸಿಯಾಯಿತು, ಪಥ್ಯ ಮುಗಿಯಿತು, ಮಗು ಆಡಿಕೊಂಡಿದೆ, ಚಿಂತೆ ಬೇಡ ಎಂದು ಬರೆದಿದ್ದ. ಬೆಳ್ಳಪ್ಪ ಅದನ್ನು ನಾಲ್ಕು ಸಲ ಓದಿಸಿದ. "ನಾಯಿಗೆ ಹುಚ್ಚು ಇರ್ಲಿಲ್ವೇನೋ" ಅಂದ. ಗಂಡ ಹೆಂಡತಿ ಬಹಳ ದಿನಗಳ ಮೇಲೆ ಎದುರುಬದುರು ಕೂತು ಉಂಡರು. ಮಾಸ್ತಮ್ಮ ಬಾಣಂತಿಯ ಖಾರಕ್ಕೆಂದು ಮೆಣಸು, ಓಮ ಆರಿಸಿ ಒಣಗಿಸಲು ಇಟ್ಟಳು.

ಖಾರ ಕುಟ್ಟುವ ದಿನ ಸೀತಾರಾಮಪ್ಪನ ಕೊಟ್ಟಿಗೆಯಿಂದ ಎಂದೂ ಕೇಳದ ಕೂಗು ಬಂತು. ಮಾಸ್ತಮ್ಮ ಒನಕೆ ಬಿಟ್ಟು ಓಡಿದಳು. ನಾಯಿ ಕಚ್ಚಿದ್ದ ಆ ಕರು ಗೂಟ ಕಿತ್ತು ಗೋಡೆಗೆ ಹಾಯುತ್ತಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಸೀತಾರಾಮಪ್ಪ ಕುಡಿಯಲು ಕಲಗಚ್ಚಿನ ನೀರು ಮುಂದಿಟ್ಟರೆ ಹಿಂದಕ್ಕೆ ಜಿಗಿಯಿತು.

"ನಿನ್ನೆಯಿಂದ ನೀರು ಮುಟ್ಟಿಲ್ಲ ಮಾಸ್ತಮ್ಮ. ಇದು ಆ ನಾಯಿದ್ದೇ" ಅಂದ. ಆಮೇಲೆ ತಾನೇನು ಹೇಳಿದೆನೆಂದು ಹೊಳೆದು ಬಾಯಿ ಮುಚ್ಚಿಕೊಂಡ.

ಮಾಸ್ತಮ್ಮ ಉಟ್ಟ ಸೀರೆಯಲ್ಲೇ ಸಾಗರಕ್ಕೆ ನಡೆದಳು. ಹೊಸನಗರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಗಡಿಗೆ ಹೋಗಿ ಬತ್ತಾಸು ಕಟ್ಟಿಸಿಕೊಂಡಳು. ಕಾಲು ಹಿಡಿದಾದರೂ ಸರಿ, ಊರ ಪಂಚರನ್ನು ಕರೆದಾದರೂ ಸರಿ, ಮಗುವನ್ನು ಇವತ್ತೇ ಆಸ್ಪತ್ರೆಗೆ ಹಾಕಬೇಕು. ಒಂದು ತಿಂಗಳು ಎಂದಿದ್ದ ಮುಕುಂದಯ್ಯ. ಬೆರಳು ಮಡಚಿ ಎಣಿಸಿದಳು. ಇಪ್ಪತ್ತೇಳು ದಿನವಾಗಿತ್ತು, ಮೂರು ದಿನ ಕೈಲಿತ್ತು.

ಮಗಳ ಮನೆ ಮುಟ್ಟುವಾಗ ಬಿಸಿಲು ಬಾಗಿತ್ತು. ಜಲಜ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ತಾಯಿಯನ್ನು ನೋಡಿ ಮುಖ ಬಿಗಿಯಬೇಕೆಂದುಕೊಂಡವಳು ಬಿಗಿಯಲಾರದೆ ಮೊರ ಬದಿಗಿಟ್ಟಳು.

"ಬಂದ್ಯಾ ಅವ್ವ? ಬಾ. ನಂಗೂ ನಿನ್ನ ನೋಡ್ಬೇಕು ಅನ್ನಿಸಿತ್ತು. ಅವತ್ತು ಹೆಚ್ಚು ಮಾತಾಡ್ಬಿಟ್ಟೆ."

"ಪುಷ್ಪಿ ಎಲ್ಲಿ?"

"ಒಳಗಿದೆ. ಎರಡು ದಿನದಿಂದ ಸ್ವಲ್ಪ ಮೈ ಬಿಸಿ. ಕೆನ್ನೆ ಕೆರ್ಕೊಳ್ತದೆ. ಹುಚ್ಚುನಾಯಿ ಕಚ್ಚಿದೋರು ಬೊಗಳ್ತಾರೆ ಅಂತಿದ್ರಲ್ಲ? ಬೊಗಳೋದೂ ಇಲ್ಲ, ಏನೂ ಇಲ್ಲ. ತೀರ್ಥಹಳ್ಳಿ ಔಷಧಿ ಹಿಡೀತು ಅವ್ವ."

ಮಗು ಸಾಯುತ್ತದೆ ಎಂದಷ್ಟೇ ಮಾಸ್ತಮ್ಮ ಅವತ್ತು ಹೇಳಿದ್ದಳು, ಮುಕುಂದಯ್ಯ ಹೇಳಿದ ನೀರಿನ ಮಾತು ಅವಳ ಬಾಯಿಗೆ ಬಂದಿರಲಿಲ್ಲ. ಒಳಗೆ ಹೋದಳು. ಪುಷ್ಪಿ ಮೂಲೆಯ ಚಾಪೆಯಲ್ಲಿ ಕೂತಿತ್ತು. ಅಜ್ಜಿಯನ್ನು ಕಂಡು ಕಣ್ಣರಳಿಸಿತು. ಬತ್ತಾಸಿನ ಪೊಟ್ಟಣ ಬಿಚ್ಚಿ ಕೈಗಿಟ್ಟರೆ ಒಂದನ್ನು ಬಾಯಿಗೆ ಹಾಕಿಕೊಂಡು ನುಂಗಲಾರದೆ ಉಗಿಯಿತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ಮಾಸ್ತಮ್ಮ ಹಂಡೆಯಿಂದ ಒಂದು ಚೊಂಬು ನೀರು ತುಂಬಿದಳು. ತಂದು ಮಗುವಿನ ಮುಂದೆ ಹಿಡಿದಳು. ಪುಷ್ಪಿಯ ಗಂಟಲು ಸೆಳೆದುಕೊಂಡಿತು. ಮೈ ಗೋಡೆಗೆ ಒತ್ತಿಕೊಂಡಿತು. ಕಣ್ಣು ಚೊಂಬಿನ ಮೇಲೆಯೇ ನೆಟ್ಟಿತ್ತು. ಬೇಡವೆನ್ನುವುದಕ್ಕೆ ಆ ಮಗುವಿಗೆ ಗೊತ್ತಿದ್ದುದು ಒಂದೇ ಮಾತು.

"ಅಜ್ಜೀ... ನಮ್ಮನೆಗೆ ನೀರು ಆಗಿ ಬರಲ್ಲ."

ಬಾಗಿಲಲ್ಲಿ ನಿಂತಿದ್ದ ಜಲಜ ನಕ್ಕಳು. "ನೋಡಿದ್ಯಾ ಇದರ ಕಳ್ಳಾಟ? ನಿನ್ನೆಯಿಂದ ಇದೇ ಹಾಡು, ನೀರೇ ಮುಟ್ಟಲ್ಲ ಅಂತದೆ." ತಾಯಿಯ ಮುಖ ನೋಡಿ ಅವಳ ನಗು ಅರ್ಧಕ್ಕೆ ನಿಂತಿತು. "ಯಾಕವ್ವ? ಎಂತ ಆಯ್ತು?"

"ಏನಿಲ್ಲ ಮಗಾ. ಬಸ್ಸಿನಲ್ಲಿ ಬಂದೆನಲ್ಲ, ತಲೆ ಸುತ್ತು" ಅಂದಳು ಮಾಸ್ತಮ್ಮ.

ಚೊಂಬನ್ನು ಮಗುವಿಗೆ ಕಾಣದಂತೆ ಸೆರಗಿನ ಹಿಂದಕ್ಕೆ ಸರಿಸಿದಳು. ಇನ್ನೊಂದು ಕೈಯಿಂದ ಪುಷ್ಪಿಯ ಬಿಸಿ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಹೌದು ನನ್ನ ತಾಯಿ" ಅಂದಳು. "ಆಗಿ ಬರಲ್ಲ. ನಮ್ಮನೆಗೆ ಆಗಿ ಬರಲ್ಲ."